ಬರೆಯೋ ಬೆರಳಿಗೂ ಒಂದು ಎಂಸಿಬಿ

ನಾನು ಐಟಿಐ ಓದಿ ಗಲ್ಫ್‌ಗೆ ಬಂದ ಎಲೆಕ್ಟ್ರಿಷಿಯನ್, ಭಾಷಣ ಅಭ್ಯಾಸವಿಲ್ಲ. ಆಟಗಾರರು ಎಕ್ಸ್ (ಹಿಂದಿನ ಟ್ವಿಟರ್)‌, ಫೇಸ್‌ಬುಕ್‌ನಲ್ಲಿ ಬರೆಯೋದಕ್ಕೆ ಮಂಡಳಿಗಳು ಕಡಿವಾಣ ಹಾಕಬೇಕಾ? ಇದೇ ನನ್ನ ವಿಷಯ.

2021ರ ಜೂನ್‌ನಲ್ಲಿ ಇಂಗ್ಲೆಂಡಿನ ಓಲಿ ರಾಬಿನ್ಸನ್ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿ 7 ವಿಕೆಟ್ ತೆಗೆದ. ಆದರೆ ಆಟದ ಮೊದಲ ದಿನವೇ, ಅವನು ಹದಿಹರೆಯದಲ್ಲಿ ಬರೆದಿದ್ದ ಹಳೇ ಟ್ವೀಟ್‌ಗಳು ಹೊರಬಂದವು. ಮುಸ್ಲಿಮರನ್ನು, ಏಷ್ಯಾದವರನ್ನು, ಹೆಣ್ಣುಮಕ್ಕಳನ್ನು ಹೀಯಾಳಿಸಿದ ಮಾತುಗಳು. ಕ್ಷಮೆ ಕೇಳಿದರೂ ಮಂಡಳಿ ಅಮಾನತು ಮಾಡಿತು. ನನಗದು ಸರಿ ಅನ್ನಿಸ್ತು.

ಅದೇ ಮಂಡಳಿ 2010ರಲ್ಲಿ ಕೆವಿನ್ ಪೀಟರ್ಸನ್‌ಗೆ ದಂಡ ಹಾಕಿತ್ತು. ತಂಡದಿಂದ ಕೈಬಿಟ್ಟ ಸಿಟ್ಟಿಗೆ ಅವನು ಟ್ವೀಟ್ ಮಾಡಿದ್ದ. ಅದರಲ್ಲಿ ಕೆಟ್ಟ ಪದ ಇತ್ತು, ನಿಜ. ಆದರೆ ಜಾಗ ಕಳಕೊಂಡವನ ಸಂಕಟವೂ ಇತ್ತು. ಎರಡನ್ನೂ ಒಂದೇ ತಕ್ಕಡೀಲಿ ತೂಗಬಾರದು.

ನನ್ನ ರೂಮಿನ ಹುಡುಗನೊಬ್ಬ ಸಂಬಳ ತಡ ಆಯ್ತು ಅಂತ ಸ್ಟೇಟಸ್ ಹಾಕಿದ. ಮರುದಿನವೇ ಕರೆದು ಅಳಿಸಿಸಿದರು. ಸಂಬಳ ಬಂದದ್ದು ಮಾತ್ರ ತಿಂಗಳ ಮೇಲೆ.

ಎಂಸಿಬಿ ಓವರ್‌ಲೋಡ್ ಆದಾಗ ಟ್ರಿಪ್ ಆಗಬೇಕು. ಸ್ವಿಚ್ ಒತ್ತಿದಾಗೆಲ್ಲ ಟ್ರಿಪ್ ಆದರೆ ಮನೆಯವರು ಕತ್ತಲಲ್ಲೇ ಕೂರಬೇಕು. ಮಂಡಳಿಗಳು ನಿಂದನೆಯನ್ನು ತಡೀಲಿ, ನೋವು ಹೇಳಿಕೊಳ್ಳೋಕೆ ಬಿಡಲಿ. ನಾವೂ ಅಷ್ಟೇ, ಕಳಿಸೋ ಮುಂಚೆ ಒಂದ್ಸಲ ಓದೋಣ.