ಸಾಮಾಜಿಕ ಜಾಲತಾಣಗಳಲ್ಲಿ ನಕಲಿ ಖಾತೆ ಮತ್ತು ವಂಚನೆ: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಅಜ್ಜಂಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಹೋರಿ ಕರುಗಳ ಹರಾಜು ನಡೆಯುವಾಗ ದೂರದ ಜಿಲ್ಲೆಗಳಿಂದಲೂ ರೈತರು ಬರುತ್ತಾರೆ. ಬಂದವರಾರೂ ಕರುವನ್ನು ನೋಡದೆ ಬೆಲೆ ಕೂಗುವುದಿಲ್ಲ. ಮೈಕಟ್ಟು, ಕಾಲು, ಸುಳಿ, ನಡಿಗೆ ಎಲ್ಲವನ್ನೂ ಕಣ್ಣಾರೆ ಪರೀಕ್ಷಿಸಿ, ಜೊತೆಗೆ ಬಂದ ಹಿರಿಯರ ಮಾತು ಕೇಳಿ, ಆನಂತರವೇ ಬಾಯಿ ತೆರೆಯುತ್ತಾರೆ. ಇಷ್ಟು ವಿವೇಕವುಳ್ಳ ರೈತನೇ ಮೊಬೈಲಿನಲ್ಲಿ ಪರಿಚಿತರ ಭಾವಚಿತ್ರವೊಂದು ಕಂಡೊಡನೆ, ಮುಖ ನೋಡದೆ, ಧ್ವನಿ ಕೇಳದೆ, ಹತ್ತು ಸಾವಿರ ರೂಪಾಯಿಗಳನ್ನು ಕ್ಷಣಮಾತ್ರದಲ್ಲಿ ಕಳುಹಿಸಿಬಿಡುವುದುಂಟು. ಆತ ದಡ್ಡನೆಂದು ಇದರ ಅರ್ಥವಲ್ಲ. ಭಾವಚಿತ್ರದಲ್ಲಿರುವ ವ್ಯಕ್ತಿಯ ಮೇಲೆ ಆತನಿಗಿರುವ ನಂಬಿಕೆ ಹಣವನ್ನು ಕಳುಹಿಸಿತು. ವಂಚಕರು ಮೊದಲು ಕದಿಯುವುದು ಈ ನಂಬಿಕೆಯನ್ನು, ಹಣ ಆಮೇಲಿನದು.

ಊರಿನಲ್ಲಿ ಇಂಥ ನಂಬಿಕೆ ಹೆಚ್ಚಾಗಿ ಯಾರ ಹೆಸರಿಗೆ ಅಂಟಿಕೊಂಡಿರುತ್ತದೆ ಎಂದು ಯೋಚಿಸಿದರೆ, ಈ ವಿಷಯವು ಸದಸ್ಯರಿಗೆ ಏಕೆ ಮುಖ್ಯವೆಂಬುದು ತಿಳಿಯುತ್ತದೆ. ಸದಸ್ಯರ ಹೆಸರು ಪಂಚಾಯಿತಿಯ ಫಲಕದಲ್ಲಿದೆ. ಭಾವಚಿತ್ರವು ಹಬ್ಬದ ಶುಭಾಶಯದ ಫ್ಲೆಕ್ಸ್‌ನಲ್ಲಿಯೂ ಫೇಸ್‌ಬುಕ್‌ನಲ್ಲಿಯೂ ಇದೆ. ಮೊಬೈಲ್ ಸಂಖ್ಯೆ ಊರಿನವರೆಲ್ಲರ ಬಳಿ ಇದೆ. ಸಾರ್ವಜನಿಕ ಬದುಕಿನಲ್ಲಿ ಇದು ಅನಿವಾರ್ಯ. ಆದರೆ ನಕಲಿ ಖಾತೆ ತೆರೆಯುವವನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಾಗಿಲ್ಲ.

ವಂಚನೆಯ ಕ್ರಮ ಸರಳವಾದದ್ದು. ವಂಚಕನು ಭಾವಚಿತ್ರವನ್ನು ನಕಲು ಮಾಡಿ ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆಯುತ್ತಾನೆ. ಸ್ನೇಹಿತರ ಪಟ್ಟಿ ಎಲ್ಲರಿಗೂ ಕಾಣುವಂತಿದ್ದರೆ ಅದರಲ್ಲಿರುವವರಿಗೆ ಮತ್ತೆ ಸ್ನೇಹ ಕೋರಿಕೆ ಕಳುಹಿಸುತ್ತಾನೆ. ಎರಡು ದಿನ ಕುಶಲ ವಿಚಾರಿಸಿ, ಮೂರನೆಯ ದಿನ “ಅಣ್ಣಾ, ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು, ನಾಳೆ ಬೆಳಿಗ್ಗೆ ವಾಪಸ್ ಕೊಡುತ್ತೇನೆ” ಎಂದು ಬರೆಯುತ್ತಾನೆ. 2020ರಲ್ಲಿ ಕರ್ನಾಟಕದ ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರಿನಲ್ಲಿಯೇ ಇಂಥ ನಕಲಿ ಫೇಸ್‌ಬುಕ್ ಖಾತೆಗಳು ಹುಟ್ಟಿಕೊಂಡಿದ್ದವು. ದೊಡ್ಡ ಅಧಿಕಾರಿಗಳ ಹೆಸರಿನಲ್ಲಿ ಮತ್ತೊಂದು ತಂತ್ರವೂ ನಡೆಯುತ್ತದೆ: “ಪರಿಚಯದ ಸಿಆರ್‌ಪಿಎಫ್ ಅಧಿಕಾರಿಗೆ ವರ್ಗವಾಗಿದೆ, ಮನೆಯ ಸಾಮಾನುಗಳನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ” ಎಂದು ನಂಬಿಸಿ ಮುಂಗಡ ಪಡೆಯುವುದು. ಪೊಲೀಸರ ಹೆಸರನ್ನೇ ಬಿಡದವರು ಗ್ರಾಮ ಪಂಚಾಯಿತಿ ಸದಸ್ಯರ ಹೆಸರನ್ನು ಬಿಡುವರೆಂದು ನಂಬಲಾಗದು.

ಹೊಸ ಖಾತೆ ತೆರೆಯದೆ ಇರುವ ಖಾತೆಯನ್ನೇ ವಶಪಡಿಸಿಕೊಳ್ಳುವುದು ಇನ್ನೂ ಅಪಾಯಕಾರಿ. ವಾಟ್ಸ್‌ಆ್ಯಪ್‌ಗೆ ಬರುವ ಆರು ಅಂಕಿಗಳ ಸಂಕೇತವನ್ನು “ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ಹೇಳಿ” ಎಂದು ಕೇಳಿ ಪಡೆದರೆ ಇಡೀ ಖಾತೆ ವಂಚಕನ ಕೈಸೇರುತ್ತದೆ. ಕುಡಿಯುವ ನೀರು, ಪಡಿತರ, ಗ್ರಾಮ ಸಭೆಯ ದಿನಾಂಕ ತಿಳಿಸುವ ಊರಿನ ಗುಂಪಿನಲ್ಲಿ ಆಗ ಸದಸ್ಯರ ನಿಜವಾದ ಸಂಖ್ಯೆಯಿಂದಲೇ ಸುಳ್ಳು ಸಂದೇಶಗಳು ಬರುತ್ತವೆ. ಪಿಎಂ ಕಿಸಾನ್ ಕಂತು, ಗೃಹಲಕ್ಷ್ಮಿ ಹಣ, ಮದುವೆಯ ಆಮಂತ್ರಣ ಎಂಬ ಹೆಸರಿನಲ್ಲಿ ಎಪಿಕೆ ಕಡತಗಳೂ ಹರಿದಾಡುತ್ತವೆ. ಅದನ್ನು ಮೊಬೈಲಿಗೆ ಇಳಿಸಿಕೊಂಡು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಸಂದೇಶಗಳನ್ನು ದೂರದಲ್ಲಿ ಕುಳಿತವನು ಓದಬಲ್ಲನು. ಸರ್ಕಾರದ ಯಾವ ಯೋಜನೆಯ ಹಣವೂ ವಾಟ್ಸ್‌ಆ್ಯಪ್ ಗುಂಪಿನ ಎಪಿಕೆ ಕಡತದ ಮೂಲಕ ಜಮೆಯಾಗುವುದಿಲ್ಲ.

ಇದರೊಂದಿಗೆ ಮನೆ ಮನೆಗೆ ತಲುಪಬೇಕಾದ ಎರಡು ಮಾತುಗಳಿವೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ; ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಹಸು, ಟ್ರ್ಯಾಕ್ಟರ್, ಈರುಳ್ಳಿ ಬೀಜ ಕೊಳ್ಳುವ, ಮಾರುವ ಗುಂಪುಗಳಲ್ಲಿ ವ್ಯವಹರಿಸುವವರು ಇದನ್ನು ಕಂಠಪಾಠ ಮಾಡಿಕೊಳ್ಳಬೇಕು. ಎರಡನೆಯದಾಗಿ, ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ “ಡಿಜಿಟಲ್ ಅರೆಸ್ಟ್” ಎಂದು ಬೆದರಿಸಿದರೆ ಅಂಜಬೇಕಾಗಿಲ್ಲ. ಕಾನೂನಿನಲ್ಲಿ ಅಂಥ ವ್ಯವಸ್ಥೆಯೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ‘ಮನದ ಮಾತು’ ಕಾರ್ಯಕ್ರಮದಲ್ಲಿ ಸ್ಪಷ್ಟಪಡಿಸಿದ್ದಾರೆ.

ಸದಸ್ಯರು ಮುಂಚಿತವಾಗಿ ಕೈಗೊಳ್ಳಬೇಕಾದ ಕ್ರಮಗಳು ಹೀಗಿವೆ.

ಒಂದು: ಮುಂದಿನ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಪ್ರತಿಯೊಬ್ಬ ಸದಸ್ಯರೂ “ಸಂದೇಶದ ಮೂಲಕ ಯಾರ ಬಳಿಯೂ ಹಣ ಕೇಳುವುದಿಲ್ಲ, ಹಾಗೆ ಕೇಳಿದ ಸಂದೇಶ ಬಂದರೆ ಅದು ನಕಲಿಯೆಂದೇ ತಿಳಿಯಬೇಕು” ಎಂದು ಬಹಿರಂಗವಾಗಿ ಸಾರುವುದು.

ಎರಡು: ಹಣದ ಕೋರಿಕೆ ಯಾರಿಂದ ಬಂದರೂ, ಬೆಂಗಳೂರಿನಲ್ಲಿರುವ ಮಗನ ಹೊಸ ಸಂಖ್ಯೆಯಿಂದಲೇ ಬಂದರೂ, ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಮಾತನಾಡದೆ ಹಣ ಕಳುಹಿಸಬಾರದೆಂಬ ಪದ್ಧತಿಯನ್ನು ಊರಿನಲ್ಲಿ ರೂಢಿಗೆ ತರುವುದು.

ಮೂರು: ಫೇಸ್‌ಬುಕ್‌ನ ಸ್ನೇಹಿತರ ಪಟ್ಟಿಯನ್ನು ಇತರರಿಗೆ ಕಾಣದಂತೆ ಮಾಡುವುದು, ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳುವುದು.

ನಾಲ್ಕು: ಊರಿನ ಗುಂಪುಗಳ ಅಡ್ಮಿನ್‌ಗಳು ಗುರುತಿಲ್ಲದ ಸಂಖ್ಯೆಗಳನ್ನು ಸೇರಿಸಿಕೊಳ್ಳದಿರುವುದು ಮತ್ತು ಎಪಿಕೆ ಕಡತ ಬಂದೊಡನೆ ಅಳಿಸಿ ಎಲ್ಲರಿಗೂ ಎಚ್ಚರಿಕೆ ನೀಡುವುದು.

ಸದಸ್ಯರ ಹೆಸರಿನಲ್ಲಿ ನಕಲಿ ಖಾತೆ ಕಂಡುಬಂದರೆ ಮರುದಿನಕ್ಕೆ ಮುಂದೂಡಬಾರದು. ಮೊದಲು ಖಾತೆಯ ವಿಳಾಸ ಮತ್ತು ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಬಳಿಕ ಅದೇ ಜಾಲತಾಣದಲ್ಲಿ ಖಾತೆ ನಕಲಿಯೆಂದು ದೂರು ದಾಖಲಿಸಿ, ಪರಿಚಿತರಿಂದಲೂ ದೂರು ಕೊಡಿಸಬೇಕು. ಊರಿನ ಗುಂಪುಗಳಲ್ಲಿ ಒಡನೆಯೇ ಪ್ರಕಟಿಸಿ, ಜಿಲ್ಲಾ ಸೆನ್ ಪೊಲೀಸ್ ಠಾಣೆಗೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಮತ್ತು 66ಡಿ ಕಲಮುಗಳ ಪ್ರಕಾರ ಪರರ ಗುರುತಿನ ಕಳವು ಮತ್ತು ಪರರ ಸೋಗಿನಲ್ಲಿ ಮಾಡುವ ವಂಚನೆಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಹಣ ಹೋಗಿಬಿಟ್ಟಿದ್ದರೆ ಪ್ರತಿ ನಿಮಿಷವೂ ಅಮೂಲ್ಯ. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯಾವ ಖಾತೆಯಿಂದ, ಎಷ್ಟು ಹಣ, ಯಾವ ಸಮಯದಲ್ಲಿ ಹೋಯಿತು ಎಂಬುದನ್ನೂ ಯುಪಿಐ ವಹಿವಾಟಿನ ಸಂಖ್ಯೆಯನ್ನೂ ಹೇಳಬೇಕು. ಆ ಮಾಹಿತಿ ಹಣ ತಲುಪಿದ ಬ್ಯಾಂಕಿಗೆ ರವಾನೆಯಾಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ಬೇರೆ ಬ್ಯಾಂಕಿಗೆ ದಾಟಿದ್ದರೆ ಮಾಹಿತಿಯೂ ಹಿಂದೆಯೇ ದಾಟುತ್ತದೆ. ಎಟಿಎಂನಿಂದ ನಗದಾಗಿ ಹೊರಬಿದ್ದರೆ ಮರಳಿ ಪಡೆಯುವುದು ಬಹಳ ಕಷ್ಟ. ಆದುದರಿಂದ ಕರೆ ಮೊದಲು, ಓಡಾಟ ಆಮೇಲೆ. ಕರೆಯ ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರನ್ನು ಪೂರ್ಣಗೊಳಿಸಿ, ಸ್ವಂತ ಬ್ಯಾಂಕಿಗೂ ತಿಳಿಸಬೇಕು. ಗ್ರಾಹಕನೇ ಪಿನ್ ಅಥವಾ ಒಟಿಪಿ ತಿಳಿಸಿ ಮೋಸಹೋಗಿದ್ದರೂ, ಬ್ಯಾಂಕಿಗೆ ವರದಿ ಮಾಡಿದ ನಂತರ ನಡೆಯುವ ಅನಧಿಕೃತ ವಹಿವಾಟಿನ ನಷ್ಟವನ್ನು ಬ್ಯಾಂಕೇ ಭರಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದೆ. ಬೇಗ ತಿಳಿಸಿದಷ್ಟೂ ಲಾಭ ಗ್ರಾಹಕನಿಗೇ.

ಆದರೂ ಜನರು ತಡಮಾಡುತ್ತಾರೆ. ಇದಕ್ಕೆ ಸಂಖ್ಯೆ ಗೊತ್ತಿಲ್ಲದಿರುವುದು ಒಂದು ಕಾರಣ. ನಾಚಿಕೆ ಅದಕ್ಕಿಂತ ದೊಡ್ಡ ಕಾರಣ. ಅಡಿಕೆ ಮಾರಿದ ಹಣ ಕಳೆದುಕೊಂಡ ಹಿರಿಯರು ಮಕ್ಕಳಿಗೆ ಹೇಳಲು ಅಂಜುತ್ತಾರೆ. ಗೃಹಲಕ್ಷ್ಮಿಯ ಹಣವನ್ನು ಕೂಡಿಟ್ಟು ಕಳೆದುಕೊಂಡ ತಾಯಿ ಗಂಡನಿಗೆ ತಿಳಿಸದೆ ಒಳಗೊಳಗೇ ಕೊರಗುತ್ತಾಳೆ. “ಕೆಟ್ಟ ಮೇಲೆ ಬುದ್ಧಿ ಬಂತು” ಎಂಬ ಗಾದೆಯನ್ನು ಊರಿನವರು ತಮ್ಮ ಮುಖಕ್ಕೇ ಆಡಿಯಾರು ಎಂಬ ಭಯ ಅವರದು. ಆ ಮೌನದ ಗಂಟೆಗಳಲ್ಲಿಯೇ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಮರೆಯಾಗುತ್ತದೆ.

ಅಂಥವರು ಧೈರ್ಯಮಾಡಿ ಮೊದಲು ಬಾಗಿಲು ತಟ್ಟುವುದು ಬಹುಮಟ್ಟಿಗೆ ವಾರ್ಡಿನ ಸದಸ್ಯರದ್ದೇ. ಆಗ ಸದಸ್ಯರ ಬಾಯಿಂದ “ಅಷ್ಟೂ ಗೊತ್ತಾಗಲಿಲ್ಲವೇ?” ಎಂಬ ಮಾತು ಬಂದರೆ ಆ ವ್ಯಕ್ತಿ ಮನೆಗೆ ಹಿಂದಿರುಗುತ್ತಾನೆ, ಇದನ್ನು ಕೇಳಿಸಿಕೊಂಡ ಇನ್ನು ಹತ್ತು ಜನ ಮುಂದೆಂದೂ ಬರಲಾರರು. “ಬನ್ನಿ, ಮೊದಲು 1930ಕ್ಕೆ ಕರೆ ಮಾಡೋಣ” ಎಂದರೆ ಹಣ ಉಳಿಯುವ ಸಾಧ್ಯತೆ ಹುಟ್ಟುತ್ತದೆ. ಹಣ ಉಳಿಯದಿದ್ದರೂ ಒಬ್ಬ ಮನುಷ್ಯನ ಮನೋಸ್ಥೈರ್ಯ ಉಳಿಯುತ್ತದೆ.

ಪಂಚಾಯಿತಿ ಕಚೇರಿ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿಗಳ ಗೋಡೆಯ ಮೇಲೆ 1930 ಎಂಬ ನಾಲ್ಕು ಅಂಕಿಗಳನ್ನು ದೊಡ್ಡದಾಗಿ ಬರೆಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಇದಕ್ಕೊಂದು ನಿರ್ಣಯ ಸಾಕು. ಮತದಾರರು ಸದಸ್ಯರ ಹೆಸರಿಗೆ ಕೊಟ್ಟ ನಂಬಿಕೆಯನ್ನು ಅನ್ಯರು ಬಳಸದಂತೆ ಕಾಯುವುದೂ ಸದಸ್ಯತ್ವದ ಕರ್ತವ್ಯಗಳಲ್ಲಿ ಒಂದೆಂದು ಭಾವಿಸಿ, ಎಲ್ಲ ಸದಸ್ಯರೂ ಈ ಕಾರ್ಯದಲ್ಲಿ ತೊಡಗಬೇಕೆಂದು ಕೋರಲಾಗಿದೆ.