ಕಾಲೇಜಿನ ಮೊದಲ ವಾರಗಳು: ಗೆಳೆತನ ಮತ್ತು ವಿಷಯಗಳ ಆಯ್ಕೆ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದು, ಅರ್ಜಿ, ಪ್ರವೇಶ ಪರೀಕ್ಷೆ, ಶುಲ್ಕ ಇವುಗಳ ಗಡಿಬಿಡಿ ಮುಗಿದೊಡನೆ ಮನೆಯ ಹಿರಿಯರು ದೊಡ್ಡ ಹೊಣೆಯೊಂದು ಕಳೆಯಿತೆಂದು ಸಮಾಧಾನ ತಾಳುತ್ತಾರೆ. ವಿದ್ಯಾರ್ಥಿಯ ಪಾಲಿಗಾದರೋ ಹೊಣೆ ಆರಂಭವಾಗುವುದೇ ಆಗ. ಶಾಲೆಯಲ್ಲಿ ಯಾವ ಗಂಟೆಗೆ ಯಾವ ಪಾಠವೆಂಬುದನ್ನು ಬೇರೆಯವರು ನಿರ್ಧರಿಸುತ್ತಿದ್ದರು. ಗೆಳೆಯರೂ ಬಾಲ್ಯದಿಂದ ಜೊತೆಗೆ ಬೆಳೆದವರೇ ಆಗಿದ್ದರು. ಕಾಲೇಜಿನಲ್ಲಿ ಈ ಎರಡನ್ನೂ ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಅದೂ ಕೆಲವೇ ವಾರಗಳಲ್ಲಿ, ಪರಿಚಯವಿಲ್ಲದ ಕಟ್ಟಡದಲ್ಲಿ, ಅನೇಕ ವೇಳೆ ಪರಿಚಯವಿಲ್ಲದ ಊರಿನಲ್ಲಿ.

ಈ ಕಷ್ಟವನ್ನು ಮನಗಂಡು ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಹೊಸ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಅರಿಯುವುದು, ಸಂಸ್ಥೆಯೊಡನೆ ಬಾಂಧವ್ಯ ಬೆಳೆಸಿಕೊಳ್ಳುವುದು, ಅದರ ನಿಯಮಗಳನ್ನು ತಿಳಿಯುವುದು ಮತ್ತು ಮುಂದಿನ ಕಲಿಕೆಯ ಅನುಭವ ಪಡೆಯುವುದು ಇದರ ಉದ್ದೇಶ. ಇಂಥ ಪ್ರಯತ್ನ ಅದಕ್ಕೂ ಹಿಂದೆಯೇ ನಡೆದಿತ್ತು. ಗಾಂಧಿನಗರದ ಭಾರತೀಯ ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಹೊಸಬರಿಗಾಗಿ ಐದು ವಾರಗಳ ಬುನಾದಿ ಕಾರ್ಯಕ್ರಮವನ್ನು ಆರಂಭಿಸಿತ್ತು. ಪಾಠಗಳಿನ್ನೂ ಮೊದಲಾಗಿಲ್ಲವೆಂಬ ಕಾರಣದಿಂದ ಈ ದಿನಗಳಲ್ಲಿ ಕಾಲೇಜಿಗೆ ಹೋಗದೆ ಉಳಿಯುವವರು ಕಳೆದುಕೊಳ್ಳುವುದು ಅಲ್ಪವಲ್ಲ. ಗೆಳೆತನಕ್ಕೂ ವಿಷಯದ ಆಯ್ಕೆಗೂ ಬೇಕಾದ ತಿಳಿವಳಿಕೆ ದೊರೆಯುವುದು ಆಗಲೇ.

ಮೊದಲು ಗೆಳೆತನದ ಮಾತು. ಪುಣೆಯಲ್ಲೋ ದೆಹಲಿಯಲ್ಲೋ ಕಾಲೇಜು ಸೇರಿದ ಕನ್ನಡದ ಹುಡುಗಿಯೊಬ್ಬಳಿಗೆ ಪಡಸಾಲೆಯ ಗದ್ದಲದಲ್ಲಿ ಒಂದು ಕನ್ನಡ ಮಾತು ಕಿವಿಗೆ ಬಿದ್ದರೆ ಆಗುವ ಸಂತೋಷ ಸಹಜವಾದುದು. ಆ ನಂಟನ್ನು ಉಳಿಸಿಕೊಳ್ಳಬೇಕು. ಆದರೆ ಅದೇ ಪೂರ್ಣ ಪ್ರಪಂಚವಾದರೆ ಊರಿನ ಭಾಷೆ ನಾಲಿಗೆಗೆ ಬರುವುದಿಲ್ಲ. ಪಕ್ಕದ ಬೆಂಚಿನವರು ವರ್ಷ ಕಳೆದರೂ ಅಪರಿಚಿತರಾಗಿಯೇ ಉಳಿಯುತ್ತಾರೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹೊಸ ಗುಂಪಿನಲ್ಲಿ ಒಂದಾಗುವ ಆತುರದಲ್ಲಿ ಕೆಲವರು ತಮ್ಮ ಭಾಷೆ, ಮನೆ, ಉಡುಪು, ಊಟಗಳನ್ನು ಮರೆಮಾಚುತ್ತಾರೆ. ಮುಚ್ಚಿಟ್ಟು ಗಳಿಸಿದ ಸ್ನೇಹವನ್ನು ಉಳಿಸಿಕೊಳ್ಳಲು ಮತ್ತಷ್ಟು ಮುಚ್ಚಿಡಬೇಕಾಗುತ್ತದೆ.

ಮೊದಲ ವಾರದಲ್ಲಿ ಸಿಕ್ಕವರೇ ಆಪ್ತರಾಗಬೇಕೆಂದಿಲ್ಲ. ಅನೇಕರ ಬಾಳುವ ಸ್ನೇಹ ಕೂಡಿಬಂದಿರುವುದು ತಿಂಗಳುಗಳ ಅನಂತರ, ಒಟ್ಟಿಗೆ ಕೆಲಸ ಮಾಡುವಾಗ. ಪ್ರಯೋಗಶಾಲೆ, ಗ್ರಂಥಾಲಯ, ಆಟದ ಮೈದಾನ, ನಾಟಕ ತಂಡ ಇವು ಮಾತು ಬಾರದ ಸಂಕೋಚದವರಿಗೂ ಒದಗುವ ತಾಣಗಳು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸುತ್ತಾರೆ. ಜೊತೆಯಲ್ಲಿ ಗುದ್ದಲಿ ಹಿಡಿದವರ ನಡುವೆ ಪರಿಚಯದ ಮಾತನ್ನು ಹುಡುಕಬೇಕಾಗಿಲ್ಲ.

ಇನ್ನು ವಿಷಯಗಳ ಆಯ್ಕೆ. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಅನುಸರಿಸಿ ಅನುದಾನ ಆಯೋಗವು 2022ರ ಡಿಸೆಂಬರ್‌ನಲ್ಲಿ ಪದವಿ ತರಗತಿಗಳಿಗೆ ಹೊಸ ಚೌಕಟ್ಟನ್ನು ಪ್ರಕಟಿಸಿತು. ಇದರಲ್ಲಿ ಕಲಿಕೆಯ ಅಳತೆ ಕ್ರೆಡಿಟ್. ಒಂದು ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠಕ್ಕೆ ಒಂದು ಕ್ರೆಡಿಟ್. ಮೂರು ವರ್ಷಗಳ ಪದವಿಗೆ ಕನಿಷ್ಠ 120, ನಾಲ್ಕು ವರ್ಷಗಳ ಪದವಿಗೆ ಕನಿಷ್ಠ 160 ಕ್ರೆಡಿಟ್‌ಗಳು ಬೇಕು. ಪ್ರಧಾನ ವಿಷಯ, ಉಪವಿಷಯ, ಬೇರೆ ಜ್ಞಾನಶಾಖೆಗಳ ವಿಷಯ, ಭಾಷೆ, ಕೌಶಲ, ಮೌಲ್ಯವರ್ಧಿತ ವಿಷಯ ಎಂದು ಆಯ್ಕೆಗಳು ಹಲವು. ಬೇರೆ ಶಾಖೆಗಳ ಮೂರು ಪತ್ರಿಕೆಗಳಲ್ಲಿ, ಹನ್ನೆರಡನೆಯ ತರಗತಿಯಲ್ಲಿ ಓದಿದ್ದನ್ನೇ ಮತ್ತೆ ಆರಿಸಿಕೊಳ್ಳುವಂತಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಇತಿಹಾಸದ ರುಚಿ, ವಾಣಿಜ್ಯದ ವಿದ್ಯಾರ್ಥಿಗೆ ಮನಃಶಾಸ್ತ್ರದ ಪರಿಚಯ ದೊರೆಯಲೆಂಬುದು ಇದರ ಆಶಯ.

ಆದರೆ ಈ ಕ್ರಮವು ಎಲ್ಲೆಡೆ ಒಂದೇ ರೀತಿಯಲ್ಲಿಲ್ಲ. ಉದಾಹರಣೆಗೆ, ಕರ್ನಾಟಕ ಸರ್ಕಾರವು 2024ರಲ್ಲಿ ಮೂರು ವರ್ಷಗಳ ಪದವಿ ವ್ಯವಸ್ಥೆಗೆ ಹಿಂದಿರುಗಿತು. ಆದುದರಿಂದ ನೆರೆಮನೆಯವರ ಮಾತಿಗಿಂತ ತಾನು ಸೇರಿದ ವಿಶ್ವವಿದ್ಯಾಲಯದ ಪಠ್ಯಕ್ರಮ ಪುಸ್ತಿಕೆಯನ್ನೇ ವಿದ್ಯಾರ್ಥಿಯು ಆಧಾರವಾಗಿ ಇಟ್ಟುಕೊಳ್ಳಬೇಕು.

ಈ ಎರಡು ಆಯ್ಕೆಗಳು ಒಂದರೊಳಗೊಂದು ಬೆರೆತಾಗ ತೊಂದರೆ ತಲೆದೋರುತ್ತದೆ. ಅರ್ಜಿ ತುಂಬುವ ದಿನ ಹೊಸ ಗೆಳೆಯ ಅರ್ಥಶಾಸ್ತ್ರವೆಂದು ಬರೆದುದನ್ನು ಕಂಡು, ಒಂಟಿಯಾಗುವ ಭಯದಿಂದ ಅದನ್ನೇ ಬರೆಯುವವರು ಪ್ರತಿ ಕಾಲೇಜಿನಲ್ಲಿಯೂ ಇರುತ್ತಾರೆ. ಗೆಳೆಯ ಬೇರೆ ಗುಂಪು ಸೇರಿದರೂ ಸೇರಿಯಾನು; ಬರೆದ ವಿಷಯ ಮಾತ್ರ ಬೆನ್ನ ಹಿಂದೆ ಉಳಿಯುತ್ತದೆ. ಬೇರೆ ಬೇರೆ ತರಗತಿಗಳಲ್ಲಿ ಕುಳಿತವರು ಮಧ್ಯಾಹ್ನದ ಊಟಕ್ಕೆ ಒಂದೆಡೆ ಸೇರಲು ಅಡ್ಡಿಯಿಲ್ಲ. ವಿಷಯಕ್ಕೆ ಅಳತೆಗೋಲು ಬೇರೆಯೇ ಇದೆ: ಪಠ್ಯಭಾಗ ಯಾವುದು, ಮೊದಲ ಕೆಲವು ಪಾಠಗಳಲ್ಲಿ ಮನಸ್ಸು ನಿಂತಿತೇ, ಮುಂದೆ ಹಿಡಿಯಬೇಕೆಂದಿರುವ ದಾರಿಗೆ ಅದು ಅಗತ್ಯವೇ, ಅದಕ್ಕೆ ಬೇಕಾದ ಪೂರ್ವಸಿದ್ಧತೆ ಇದೆಯೇ. ಈ ಪ್ರಶ್ನೆಗಳನ್ನು ಅಧ್ಯಾಪಕರೊಡನೆಯೂ ಅದೇ ವಿಷಯ ಓದಿದ ಹಿರಿಯ ವಿದ್ಯಾರ್ಥಿಗಳೊಡನೆಯೂ ಚರ್ಚಿಸಬಹುದು.

ತಪ್ಪಿದರೆ ತಿದ್ದಿಕೊಳ್ಳುವ ದಾರಿಯೂ ಇದೆ. ಎರಡನೆಯ ಸೆಮಿಸ್ಟರಿನ ಕೊನೆಯಲ್ಲಿ, ಅದೇ ವಿಶಾಲ ಜ್ಞಾನಶಾಖೆಯ ಒಳಗೆ, ಪ್ರಧಾನ ವಿಷಯವನ್ನು ಬದಲಿಸಲು ಆಯೋಗದ ಚೌಕಟ್ಟು ಅವಕಾಶ ನೀಡಿದೆ. ಮೊದಲ ವರ್ಷವನ್ನು ಪರೀಕ್ಷಿಸಿ ನೋಡುವ ವರ್ಷವೆಂದು ಭಾವಿಸಿದರೆ ಅರ್ಧ ಭಯ ಕಡಿಮೆಯಾಗುತ್ತದೆ. ಭಾಷೆಯ ಪತ್ರಿಕೆಗಳ ಪಟ್ಟಿಯಲ್ಲಿ ಕನ್ನಡವಿದೆಯೇ ಎಂದು ವಿಚಾರಿಸುವುದನ್ನು ಹೊರನಾಡಿನ ಕನ್ನಡ ವಿದ್ಯಾರ್ಥಿಗಳು ಮರೆಯಬಾರದು. ಮುಂಬಯಿ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳೇ ಇವೆ.

ಹಿರಿಯ ವಿದ್ಯಾರ್ಥಿಗಳ ನೆರವಿನ ಮಾತು ಬಂದಾಗ ಒಂದು ಎಚ್ಚರಿಕೆ ಅವಶ್ಯಕ. ಪರಿಚಯದ ಹೆಸರಿನಲ್ಲಿ ಅವಮಾನಿಸುವುದು, ಬೆದರಿಸುವುದು, ಹಿಂಸಿಸುವುದು ಸ್ನೇಹವಲ್ಲ. ಅದು ರ‍್ಯಾಗಿಂಗ್ ಎಂಬ ಅಪರಾಧ. ತಮಿಳುನಾಡಿನಲ್ಲಿ 1997ರಲ್ಲಿ, ಮಹಾರಾಷ್ಟ್ರದಲ್ಲಿ 1999ರಲ್ಲಿ ಇದನ್ನು ನಿಷೇಧಿಸುವ ಕಾನೂನುಗಳು ಜಾರಿಗೆ ಬಂದವು. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನಗಳನ್ನು ಅನುಸರಿಸಿ ಅನುದಾನ ಆಯೋಗವು 2009ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳನ್ನು ರೂಪಿಸಿತು. ಪ್ರತಿ ಸಂಸ್ಥೆಯಲ್ಲಿಯೂ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು. 1800-180-5522 ಸಹಾಯವಾಣಿಗೆ ಹಗಲಿರುಳೂ ಉಚಿತವಾಗಿ ದೂರು ನೀಡಬಹುದು. ದೂರಿದರೆ ಗೆಳೆಯರೇ ಸಿಗಲಾರರೆಂಬ ಅಂಜಿಕೆಯಿಂದ ಸಹಿಸಿಕೊಂಡಿರುವುದು ಸಲ್ಲದು.

ಯಾರೂ ನೋಯಿಸದಿದ್ದರೂ ಮನಸ್ಸು ಕುಗ್ಗುವುದುಂಟು. ಮೊದಲ ತಿಂಗಳ ಒಂಟಿತನವನ್ನು ಮನೆಯವರು ಹಗುರವಾಗಿ ಕಾಣಬಾರದು. ದೂರವಾಣಿಯಲ್ಲಿ ಅಂಕ, ಹಾಜರಿಗಳನ್ನು ವಿಚಾರಿಸುವ ಮೊದಲು ‘ಇಂದು ಯಾರೊಡನೆ ಊಟ ಮಾಡಿದೆ?’ ಎಂದು ತಾಯಿ ತಂದೆಯರು ಕೇಳಿದರೆ ಅನೇಕ ಸಂಗತಿಗಳು ಹೊರಬರುತ್ತವೆ. ನಿದ್ರೆ, ಊಟ ಬಿಟ್ಟುಹೋಗುವಷ್ಟು ಬೇಸರ ಮುಂದುವರಿದರೆ 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯನ್ನು ಪಡೆಯಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾರ್ಗದರ್ಶನ ನೀಡುತ್ತಿದ್ದು, ಕನ್ನಡದಲ್ಲಿಯೂ ಮಾತನಾಡುವ ಸೌಲಭ್ಯವಿದೆ.

ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಕಾಲೇಜಿನ ಮೊದಲ ವಾರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಅನ್ಯಾಯವನ್ನು ತಾಳಿಕೊಳ್ಳಬೇಕೆಂದಲ್ಲ, ಹೊಸತನವನ್ನು ತಾಳಿಕೊಳ್ಳಬೇಕು. ಓದು ತನ್ನ ಆಸಕ್ತಿಯಿಂದ, ಸ್ನೇಹ ಪರಸ್ಪರ ವಿಶ್ವಾಸದಿಂದ ಬೆಳೆಯಬೇಕು. ಒಂದರ ಭಯಕ್ಕೆ ಮತ್ತೊಂದನ್ನು ಬಲಿಗೊಡದ ವಿದ್ಯಾರ್ಥಿಗೆ ವರ್ಷದ ಕೊನೆಯಲ್ಲಿ ಎರಡೂ ದಕ್ಕಿರುತ್ತವೆ.