ಪಾಯಿಂಟ್ ಇಲ್ಲದ ಕಲಿಕೆ

ಇವತ್ತು ಸಾಂತಾಕ್ರೂಜ್‌ನಲ್ಲಿ ಸೇರಿರೋ ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್‌ನವರು. ಯಾರೋ ಪುಕ್ಕಟೆ ಕೊಟ್ಟ ಕೋಡ್ ಬಳಸಿ ಸಂಬಳ ತಗೊಳ್ತೀವಿ. ಆದ್ರೆ ಮಕ್ಕಳ ಕಲಿಕೆ ಅಂದ ತಕ್ಷಣ ನಮಗೆ ನೆನಪಾಗೋದು ಫೀಸು, ರ‍್ಯಾಂಕು, ಬಹುಮಾನ. ಧಾರಾಳವಾಗಿ ಹಂಚಿದ ಒಂದು ವಸ್ತು ಕಲಿಯುವ ಆಸೆಯನ್ನ ಹೇಗೆ ಹುಟ್ಟಿಸುತ್ತೆ ಅನ್ನೋದು ಇವತ್ತಿನ ಮಾತು.

ಉದಾಹರಣೆ ನಮ್ಮ ಬೆರಳ ತುದಿಯಲ್ಲೇ ಇದೆ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದ್ರೆ ನಮ್ಮ ಕೆ.ಪಿ. ರಾವ್, ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕನ್ನಡದ ಇಡೀ ವರ್ಣಮಾಲೆಯನ್ನ ಇಂಗ್ಲಿಷ್ ಕೀಬೋರ್ಡಿನ 26 ಕೀಲಿಗಳಲ್ಲಿ ಕೂರಿಸಿದರು. 'ಕನ್ನಡ' ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ – ಐದೇ ಒತ್ತು. ಎಫ್ ಒತ್ತಿದರೆ ಒತ್ತಕ್ಷರ ಸೇರುತ್ತೆ. ತರ್ಕ ಅಷ್ಟೇ.

ಇದನ್ನ ಮಾರಬಹುದಿತ್ತು, ಪೇಟೆಂಟ್ ಮಾಡಿಸಬಹುದಿತ್ತು. ಅವರು ಸುಮ್ಮನೆ ಕೊಟ್ಟುಬಿಟ್ಟರು. ಅದೇ ವಿನ್ಯಾಸ 'ನುಡಿ'ಗೆ ಬಂತು, ಸರ್ಕಾರದ ಪ್ರಮಾಣಿತ ವಿನ್ಯಾಸ ಆಯ್ತು, ಲಿನಕ್ಸ್‌ನಲ್ಲಿ 'ಕಗಪ' ಅನ್ನೋ ಹೆಸರಲ್ಲಿ ಸಿಗುತ್ತೆ. ಒಬ್ಬರು ಬಾಗಿಲು ತೆಗೆದಿಟ್ಟಿದ್ದಕ್ಕೆ ಇನ್ನೊಬ್ಬರು ಒಳಗೆ ಬಂದು ಕಟ್ಟಿದರು.

ಇನ್ನು ಬಹುಮಾನದ ವಿಷಯ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಚಿತ್ರ ಬಿಡಿಸೋದು ಇಷ್ಟ ಇದ್ದ ಶಿಶುವಿಹಾರದ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ "ಬಿಡಿಸಿದರೆ ಪ್ರಶಸ್ತಿ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಒಂದೆರಡು ವಾರ ಆದ್ಮೇಲೆ ನೋಡಿದ್ರೆ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸ್ತಿದ್ರು. ಹೇಳದೆ, ಕೊನೆಗೆ ಪ್ರಶಸ್ತಿ ಕೊಟ್ಟವರ ಆಸಕ್ತಿ ಕಡಿಮೆ ಆಗಲಿಲ್ಲ. ಹಾಗಾಗಿ ಮಕ್ಕಳನ್ನ ಮೆಚ್ಚಬೇಡಿ ಅಂತಲ್ಲ, ಮೊದಲೇ ವ್ಯಾಪಾರ ಕುದುರಿಸಬೇಡಿ.

ನಮ್ಮ ಬಿಲ್ಡಿಂಗ್‌ನಲ್ಲಿ ಭಾನುವಾರ ಆರೇಳು ಮಕ್ಕಳು ಬರ್ತಾರೆ. ಮನೇಲಿ ತುಳು, ಕನ್ನಡ. ಶಾಲೇಲಿ ಮರಾಠಿ, ಇಂಗ್ಲಿಷ್. ಕನ್ನಡ ಲಿಪಿ ಬರಲ್ಲ. ಹಳೇ ಲ್ಯಾಪ್‌ಟಾಪಿಗೆ ಈ ಕೀಬೋರ್ಡ್ ಹಾಕಿ ಕೊಟ್ಟೆ. ಒಬ್ಬ ಕೇಳಿದ, "ಅಂಕಲ್, ಎಷ್ಟು ಪಾಯಿಂಟ್?" "ಪಾಯಿಂಟ್ ಇಲ್ಲ ಮಾರಾಯ, ಏನು ಬೇಕೋ ಬರಿ" ಅಂದೆ. ಅವನು ಮೊದಲು ಬರೆದಿದ್ದು 'ವಡಾ ಪಾವ್'!

ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಮ್ಮನಿಗಂತ ತಾನೇ ಒಂದು ಚಾರ್ಟ್ ಮಾಡಿದಳು. ಒಂದು ಕಡೆ ಮರಾಠಿ ಅಕ್ಷರ, ಪಕ್ಕದಲ್ಲಿ ಕನ್ನಡದ್ದು. ಎರಡು ಮನೆ ಖಾಲಿ ಉಳಿದವು: ಹ್ರಸ್ವ ಎ, ಹ್ರಸ್ವ ಒ. "ಇವು ಮರಾಠಿಯಲ್ಲಿ ಯಾಕಿಲ್ಲ?" ಅಂತ ಕೇಳಿದಳು. ಭಾಷಾಶಾಸ್ತ್ರದ ಪ್ರಶ್ನೆ ಅದು, ಯಾವ ಸಿಲಬಸ್ಸೂ ಅವಳ ಕೈಲಿ ಕೇಳಿಸಿದ್ದಲ್ಲ. ಆಮೇಲೆ ಆ ಚಾರ್ಟು ಬೇರೆ ಮಕ್ಕಳಿಗೂ ಹೋಯ್ತು.

ಈ ಊರಿಗೆ ಇದೇನು ಹೊಸದಲ್ಲ. ಹಗಲು ಹೋಟೆಲಲ್ಲಿ ದುಡಿದು ರಾತ್ರಿ ಕಲಿಯೋ ಹುಡುಗರಿಗೆ ನಮ್ಮವರು ರಾತ್ರಿ ಶಾಲೆ ನಡೆಸಿದರು. ಇಲ್ಲೇ ಸಾಂತಾಕ್ರೂಜ್ ಪೂರ್ವದಲ್ಲಿ ಭವನ ಇರೋ ಬಿಲ್ಲವರ ಅಸೋಸಿಯೇಶನ್‌ನ ಗುರುನಾರಾಯಣ ರಾತ್ರಿ ಶಾಲೆ ಅಂಥದ್ದೇ. ಆಸೆ ಆ ಹುಡುಗರದ್ದು, ಸಮಾಜ ಕೊಟ್ಟಿದ್ದು ಜಾಗ, ದೀಪ, ಹೊತ್ತು.

ನಾವು ಕೊಡಬೇಕಾದದ್ದೂ ಅಷ್ಟೇ. ಹಂಚೋದು ಅಂದ್ರೆ ಗ್ರೂಪಿಗೆ ಪಿಡಿಎಫ್ ತಳ್ಳೋದಲ್ಲ. ಮಗು ಬಿಚ್ಚಿ ನೋಡಬಹುದಾದ, ಬದಲಾಯಿಸಬಹುದಾದ ಒಂದು ವಸ್ತು ಕೊಟ್ಟು, ಪಕ್ಕದಲ್ಲಿ ಒಂದು ಗಂಟೆ ಕೂತ್ಕೊಳ್ಳೋದು. ಕೋಡ್ ಇರಲಿ, ಯಕ್ಷಗಾನದ ತಾಳ ಇರಲಿ, ಅಜ್ಜಿಯ ಲೆಕ್ಕ ಇರಲಿ, ನಿಮಗೆ ಗೊತ್ತಿರೋದನ್ನ ಈ ಭಾನುವಾರ ಒಂದು ಮಗುವಿಗೆ ಕೊಡಿ. ಎಷ್ಟು ಕಲಿತೆ ಅಂತ ಕೇಳಬೇಡಿ. ಮುಂದಿನ ವಾರ ಅದು ತಾನಾಗಿ ಬಂದು ನಿಮ್ಮ ಬೆಲ್ ಒತ್ತುತ್ತಾ, ಅದನ್ನ ನೋಡಿ.